ನ್ಯೂಯಾರ್ಕಿನ ಪಾಠಶಾಲೆಗಳೂ ತಂದೆತಾಯಿಗಳ ಅಸಮಾಧಾನವೂ

2020ನೆಯ ಇಸವಿ ನವೆಂಬರು 18ನೆಯ ತಾರೀಖು ಬುಧವಾರ ಬೆಳಗ್ಗೆ ಹತ್ತು ಗಂಟೆಗೆ ನ್ಯೂಯಾರ್ಕ್ ಪಟ್ಟಣದ ಮೇಯರಾಗಿದ್ದ ಬಿಲ್ ಡಿ ಬ್ಲಾಸಿಯೊ ಎಂಬವರು ಪತ್ರಿಕೆಗಳವರೊಡನೆ ಮಾತನಾಡತಕ್ಕವರಿದ್ದರು. ಆ ಮಾತಿಗಾಗಿ ಪಟ್ಟಣದ ತಂದೆತಾಯಿಗಳು ಬಹು ಆತುರದಿಂದ ಕಾದಿದ್ದರು. ಮರುದಿನ ಪಾಠಶಾಲೆ ಇರುವುದೋ ಇಲ್ಲವೋ ಎಂಬುದು ಅದರಿಂದ ತಿಳಿಯಬೇಕಾಗಿತ್ತು. ಹತ್ತು ಕಳೆಯಿತು, ಹನ್ನೊಂದಾಯಿತು, ನಡುಹಗಲೂ ಮೀರಿತು; ಮೇಯರ ಸುಳಿವಿಲ್ಲ. ಎರಡು ಗಂಟೆಯಾದ ಮೇಲೆ, ಮಾರನೆಯ ದಿನದಿಂದ ಪಾಠಶಾಲೆಗಳನ್ನು ಮುಚ್ಚತಕ್ಕದ್ದೆಂದು ಮುಖ್ಯೋಪಾಧ್ಯಾಯರುಗಳಿಗೆ ನಿರೂಪ ಬಂದಿತು. ಮೇಯರು ಜನರೆದುರಿಗೆ ಕಾಣಿಸಿಕೊಂಡದ್ದು ಆಮೇಲೆ. ಅಷ್ಟು ಹೊತ್ತಿಗೆ ಮಕ್ಕಳು ಮನೆಗೆ ಹೊರಡುವ ಸಮಯವಾಗಿದ್ದಿತು. ಮಾರನೆಯ ದಿನ ಮಗುವನ್ನು ಯಾರ ವಶಕ್ಕೆ ಬಿಟ್ಟು ಕೆಲಸಕ್ಕೆ ಹೋಗುವುದೆಂದು ತಿಳಿಯದೆ ಅಸಂಖ್ಯ ಗೃಹಸ್ಥರು ಕಂಗೆಟ್ಟರು. ಅದೇ ದಿನ ಸಾಯಂಕಾಲ ಆ ಪಟ್ಟಣದ ಹೋಟಲುಗಳಲ್ಲಿ ಜನರು ಒಳಗೆ ಕುಳಿತು ಊಟಮಾಡುತ್ತಲಿದ್ದರು, ವ್ಯಾಯಾಮಶಾಲೆಗಳೂ ತೆರೆದಿದ್ದುವು. ಅಲ್ಲಿಯೂ ಜನಸಂಖ್ಯೆಗೆ ಮಿತಿಯಿದ್ದಿತೆಂಬುದು ನಿಜ. ಆದರೆ ಬಾಗಿಲು ಮುಚ್ಚಿರಲಿಲ್ಲ.

ಪಾಠಶಾಲೆಗೆ ಬೀಗ, ಪಾನಗೃಹಕ್ಕೆ ಅನುಮತಿ ಎಂಬ ಈ ವಿಪರ್ಯಾಸವನ್ನು ಕಂಡು ತಂದೆತಾಯಿಗಳು ಪುರಭವನದ ಮುಂದೆ ನೆರೆದು ಕೂಗಾಡಿದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ಸಿಟ್ಟು ಒಂದು ದಿನದಲ್ಲಿ ಹುಟ್ಟಿದುದಲ್ಲ. ಸಾಂಕ್ರಾಮಿಕ ರೋಗಕ್ಕೂ ಪಾಠಶಾಲೆಗೂ ನ್ಯೂಯಾರ್ಕಿನಲ್ಲಿ ನಡೆದ ಜಗಳವು ನೂರು ವರ್ಷಗಳಿಗೂ ಹಳೆಯದು. ಅದನ್ನು ಮೊದಲಿನಿಂದ ನೋಡಿದರೆ ಮಾತ್ರ 2020ನೆಯ ಇಸವಿಯ ಕಲಹದ ಸ್ವರೂಪವು ಗೊತ್ತಾಗತಕ್ಕದ್ದು.

1916ನೆಯ ಇಸವಿಯ ಬೇಸಗೆಯಲ್ಲಿ ಆ ಪಟ್ಟಣಕ್ಕೆ ಪೋಲಿಯೋ ರೋಗವು ಬಂದಿತು. ಸುಮಾರು 9,000 ಜನರಿಗೆ ರೋಗ ತಗಲಿ ಅವರಲ್ಲಿ ಸುಮಾರು 2,400 ಮಂದಿ ಸತ್ತರು. ಸತ್ತವರಲ್ಲಿ ಬಹುಮಂದಿ ಎಳೆಯ ಮಕ್ಕಳು. ಊರು ಬಿಟ್ಟು ಹೋಗತಕ್ಕ ಮಕ್ಕಳಿಗೆ ಆರೋಗ್ಯಾಧಿಕಾರಿಗಳ ಪತ್ರ ಬೇಕಾಯಿತು. ಸೆಪ್ಟೆಂಬರು ತಿಂಗಳಲ್ಲಿ ತೆರೆಯಬೇಕಾಗಿದ್ದ ಪಾಠಶಾಲೆಗಳನ್ನು ಆ ತಿಂಗಳ ಕೊನೆಯ ವಾರದ ವರೆಗೂ ತೆರೆಯಲಿಲ್ಲ. ರೋಗದ ಮಗುವನ್ನು ಆಸ್ಪತ್ರೆಗೆ ಒಯ್ಯಲು ದಾದಿಯರು ಬಂದರೆ ವಠಾರಗಳಲ್ಲಿದ್ದ ಬಡತಾಯಂದಿರು ಮಗುವನ್ನು ಬಚ್ಚಿಡುತ್ತಿದ್ದರು. ಆಸ್ಪತ್ರೆಗೆ ಹೋದ ಮಗು ಮರಳಿ ಬರುವುದೆಂಬ ನಂಬಿಕೆ ಅವರಿಗಿರಲಿಲ್ಲ. ನಿಯಮವನ್ನು ಮಾಡತಕ್ಕವರಿಗೂ ಅದನ್ನು ಅನುಭವಿಸತಕ್ಕವರಿಗೂ ನಡುವೆ ನಂಬಿಕೆಯಿಲ್ಲದಿದ್ದರೆ ಏನಾಗುವುದೆಂಬುದನ್ನು ಆ ಪಟ್ಟಣವು ಆಗಲೇ ಕಂಡಿತು.

ಎರಡು ವರ್ಷಗಳ ಮೇಲೆ, ಎಂದರೆ 1918ನೆಯ ಇಸವಿಯ ಶರತ್ಕಾಲದಲ್ಲಿ, ಇನ್‌ಫ್ಲುಯೆಂಜಾ ಜ್ವರವು ಬಂದಿತು. ಭಾರತ ದೇಶದಲ್ಲಿಯೂ ಕೋಟಿಗಿಂತ ಹೆಚ್ಚಾಗಿ ಜನರನ್ನು ಕೊಂದ ಮಹಾಮಾರಿಯೇ ಅದು. ಅಮೆರಿಕದ ಪಟ್ಟಣಗಳು ಒಂದನ್ನು ನೋಡಿ ಮತ್ತೊಂದು ಪಾಠಶಾಲೆಗಳನ್ನು ಮುಚ್ಚಿದುವು. ನ್ಯೂಯಾರ್ಕು ಮುಚ್ಚಲಿಲ್ಲ. ದೊಡ್ಡ ಪಟ್ಟಣಗಳಲ್ಲಿ ಷಿಕಾಗೋ ಒಂದೇ ಅದಕ್ಕೆ ಜೊತೆ. ನ್ಯೂಯಾರ್ಕಿನ ಆರೋಗ್ಯಾಧಿಕಾರಿ ರಾಯಲ್ ಕೋಪ್‌ಲೆಂಡರು. ಅವರ ಕೈಕೆಳಗೆ ಮಕ್ಕಳ ಆರೋಗ್ಯ ಶಾಖೆಯನ್ನು ನೋಡಿಕೊಳ್ಳುತ್ತಿದ್ದವರು ಡಾಕ್ಟರ್ ಜೋಸೆಫಿನ್ ಬೇಕರೆಂಬ ವಿದುಷಿ. ಆ ಶಾಖೆ 1908ರಲ್ಲಿಯೇ ಸ್ಥಾಪಿತವಾಗಿ, ಪಾಠಶಾಲೆಗಳಿಗೆ ವೈದ್ಯರೂ ದಾದಿಯರೂ ಹೋಗಿ ಮಕ್ಕಳನ್ನು ಪರೀಕ್ಷಿಸತಕ್ಕ ಪದ್ಧತಿ ಹತ್ತು ವರ್ಷಗಳಿಂದ ಬೇರೂರಿದ್ದಿತು. ಇವರಿಬ್ಬರ ವಾದವು ಬಹು ಸರಳ. ಪಟ್ಟಣದಲ್ಲಿ ಸುಮಾರು ಹತ್ತು ಲಕ್ಷ ಮಕ್ಕಳು ಓದುತ್ತಾರೆ. ಅವರಲ್ಲಿ ಮುಕ್ಕಾಲುಪಾಲು ವಠಾರದ ಕತ್ತಲೆಕೋಣೆಗಳಲ್ಲಿ, ಒಂದು ಕೋಣೆಯಲ್ಲಿ ಹಲವರಂತೆ ವಾಸಮಾಡುವವರು. ಪಾಠಶಾಲೆಯಲ್ಲಿಯಾದರೋ ದೊಡ್ಡ ಕಿಟಕಿಗಳಿವೆ, ಗಾಳಿ ಬೆಳಕುಗಳಿವೆ, ದಿನವೂ ಮಗುವಿನ ಮುಖ ನೋಡುವ ಉಪಾಧ್ಯಾಯಿನಿಯಿದ್ದಾಳೆ. ಮುಚ್ಚಿದರೆ ಮಗು ಎಲ್ಲಿಗೆ ಹೋಗುವುದು? ಬೀದಿಗೆ, ಇಲ್ಲವೆ ಆ ಕೋಣೆಗೆ.

ಆದುದರಿಂದ ಪಾಠಶಾಲೆಗಳು ತೆರೆದೇ ಇದ್ದುವು. ಆದರೆ ನಿಯಮವಿಲ್ಲದೆ ಅಲ್ಲ. ಮಕ್ಕಳು ಬೆಳಗ್ಗೆ ಅಂಗಳದಲ್ಲಿ ಗುಂಪುಗೂಡದೆ ನೆಟ್ಟಗೆ ತಮ್ಮ ತಮ್ಮ ತರಗತಿಗೆ ಹೋಗತಕ್ಕದ್ದು. ಉಪಾಧ್ಯಾಯರು ಪ್ರತಿಯೊಂದು ಮಗುವನ್ನೂ ನೋಡತಕ್ಕದ್ದು. ಮೂಗು ಸೋರುವ, ಕಣ್ಣು ಕೆಂಪಾದ, ಕೆಮ್ಮುವ ಮಗುವನ್ನು ಬೇರೆಯಾಗಿ ಕೂರಿಸಿ ವೈದ್ಯರಿಗೆ ತೋರಿಸತಕ್ಕದ್ದು. ಜ್ವರವಿದ್ದರೆ ಮನೆಗೆ ಕಳುಹಿಸಿ, ಆ ಮನೆಯನ್ನು ಆರೋಗ್ಯ ಇಲಾಖೆಯವರು ಹೋಗಿ ನೋಡತಕ್ಕದ್ದು. ಸಂಜೆ ಪಾಠ ಮುಗಿದೊಡನೆ ಮಕ್ಕಳು ಎಲ್ಲಿಯೂ ನಿಲ್ಲದೆ ಮನೆ ಸೇರತಕ್ಕದ್ದು. ಈ ವ್ಯವಸ್ಥೆಯನ್ನು ಖಂಡಿಸಿದವರೂ ಇದ್ದರು. ಹಿಂದಿನ ಆರೋಗ್ಯಾಧಿಕಾರಿಯೊಬ್ಬರೇ ಬಹಿರಂಗವಾಗಿ ಆಕ್ಷೇಪಿಸಿದರು. ಕೊನೆಗೆ ಆ ಜ್ವರದಲ್ಲಿ ನ್ಯೂಯಾರ್ಕಿನ ಮರಣಪ್ರಮಾಣವು ಬಾಸ್ಟನ್, ಫಿಲಡೆಲ್ಫಿಯಾ ಪಟ್ಟಣಗಳದಕ್ಕಿಂತ ಕಡಿಮೆಯಾಯಿತು. ಅದು ಪಾಠಶಾಲೆ ತೆರೆದಿಟ್ಟುದರ ಫಲವೇ ಎಂದು ಹೇಳಬರುವುದಿಲ್ಲ. ಅಂಗಡಿ ಕಚೇರಿಗಳ ವೇಳೆಯನ್ನು ಹಂಚಿ ರೈಲುಗಾಡಿಗಳ ನೂಕುನುಗ್ಗಲನ್ನು ತಗ್ಗಿಸಿದ್ದು ಮೊದಲಾದ ಬೇರೆ ಕಾರಣಗಳೂ ಇದ್ದುವು. ಕೋಪ್‌ಲೆಂಡರ ನಿಯಮದಲ್ಲಿ ಗಮನಿಸತಕ್ಕುದು ಇಷ್ಟೆ: ನಿಯಮವೇನೆಂಬುದೂ ಅದರ ಕಾರಣವೇನೆಂಬುದೂ ಒಂದೇ ವಾಕ್ಯದಲ್ಲಿ ಅಡಗಿದ್ದುವು. ಓದು ಬಾರದ ತಾಯಿಗೂ ಅದು ಅರ್ಥವಾಗುವಂತಿದ್ದಿತು.

ಗಾಳಿಯ ಮಾತು ಬಂದುದರಿಂದ ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಬಹುದು. ಕ್ಷಯರೋಗದ ಭಯದಿಂದ ಆ ಕಾಲದಲ್ಲಿ ಬಯಲುಪಾಠಶಾಲೆಗಳೆಂಬುವು ಹುಟ್ಟಿದುವು. 1904ರಲ್ಲಿ ಜರ್ಮನಿಯ ಷಾರ್ಲಟನ್‌ಬರ್ಗಿನಲ್ಲಿ ಮೊದಲನೆಯದು, 1908ರಲ್ಲಿ ಅಮೆರಿಕದ ಪ್ರಾವಿಡೆನ್ಸ್ ಪಟ್ಟಣದಲ್ಲಿ ಆ ದೇಶದ ಮೊದಲನೆಯದು. ಪ್ರಾವಿಡೆನ್ಸಿನಲ್ಲಿ ಕಟ್ಟಡದ ಒಂದು ಪಕ್ಕವನ್ನೆಲ್ಲಾ ನೆಲದಿಂದ ಸೂರಿನ ವರೆಗೆ ಕಿಟಕಿಯಾಗಿ ಮಾಡಿ, ಹಿಮ ಬೀಳುವ ಚಳಿಯಲ್ಲಿಯೂ ತೆರೆದಿಟ್ಟು, ಮಕ್ಕಳನ್ನು ದಪ್ಪ ಕಂಬಳಿಯ ಚೀಲಗಳಲ್ಲಿ ಕೂರಿಸಿ ಪಾಠ ಹೇಳಿದರು. ನ್ಯೂಯಾರ್ಕಿನಲ್ಲಿ ಹಳೆಯದೊಂದು ಹೊಳೆದಾಟುವ ಹಡಗನ್ನು ದಡಕ್ಕೆ ಕಟ್ಟಿ ಅದರ ಅಟ್ಟದ ಮೇಲೆ ತರಗತಿ ನಡೆಸಿದರು. ಆ ಕಾಲದ ಪಾಠಶಾಲೆಗಳನ್ನು ಕಟ್ಟಿಸಿದ ಸಿ. ಬಿ. ಜೆ. ಸ್ನೈಡರೆಂಬ ಶಿಲ್ಪಿಯೂ ಗಾಳಿ ಬೆಳಕುಗಳಿಗೆ ಬಹಳ ಬೆಲೆ ಕೊಟ್ಟವರು. ಅವರ ಎತ್ತರವಾದ ಕಿಟಕಿಗಳ ಕಟ್ಟಡಗಳು ಇಂದಿಗೂ ಆ ಪಟ್ಟಣದಲ್ಲಿ ಅನೇಕವಾಗಿವೆ. 2020ರಲ್ಲಿ ಅವೇ ಕಿಟಕಿಗಳು ತೆರೆಯುವುವೇ ಇಲ್ಲವೇ ಎಂಬ ಪ್ರಶ್ನೆ ಹುಟ್ಟಿತು. ಆಗ ಬಂದ ಪರೀಕ್ಷಕರು ಕೋಲಿನ ತುದಿಗೆ ತೆಳುವಾದ ಕಾಗದವನ್ನು ಕಟ್ಟಿ, ಗಾಳಿಗಂಡಿಯ ಎದುರಿಗೆ ಹಿಡಿದು, ಅದು ಅಲುಗಿದರೆ ಗಾಳಿಯಾಡುತ್ತಿದೆಯೆಂದು ಬರೆದುಕೊಂಡರು. ಪರೀಕ್ಷೆ ಅಶಾಸ್ತ್ರೀಯವೆಂದೇನೂ ಅಲ್ಲ. ಹಣವಂತ ಪಟ್ಟಣವೊಂದು ಆರು ತಿಂಗಳ ಅವಕಾಶದ ಮೇಲೆ ಕೋಲನ್ನೂ ಕಾಗದವನ್ನೂ ತೋರಿಸಿದುದನ್ನು ನೋಡಿ ಉಪಾಧ್ಯಾಯರೂ ತಂದೆತಾಯಿಗಳೂ ನಕ್ಕರು. ಆ ನಗುವು ಸಂತೋಷದ್ದಾಗಿರಲಿಲ್ಲ.

ಕೋವಿಡ್ ರೋಗವು ನ್ಯೂಯಾರ್ಕಿನಲ್ಲಿ ಮೊಟ್ಟಮೊದಲು ಪತ್ತೆಯಾದದ್ದು 2020ನೆಯ ಮಾರ್ಚಿ 1ರಂದು. ಮಾರ್ಚಿ 16ರಿಂದ ಪಾಠಶಾಲೆಗಳನ್ನು ಮುಚ್ಚಿದರು. ಆ ವಸಂತದಲ್ಲಿ ಪಟ್ಟಣದಲ್ಲಿ ಇಪ್ಪತ್ತು ಸಾವಿರಕ್ಕೂ ಮೇಲ್ಪಟ್ಟು ಜನರು ಸತ್ತರು. ಸತ್ತವರಲ್ಲಿ ವಿದ್ಯಾ ಇಲಾಖೆಯ ನೌಕರರೇ ಎಪ್ಪತ್ತಕ್ಕಿಂತ ಹೆಚ್ಚು. ಇದನ್ನು ಮರೆತು ಮುಂದಿನ ಕಥೆಯನ್ನು ಓದತಕ್ಕದ್ದಲ್ಲ. ಮಕ್ಕಳಿಗೆ ಮನೆಯಲ್ಲಿಯೇ ಯಂತ್ರದ ಮೂಲಕ ಪಾಠವೆಂದು ಗೊತ್ತಾಗಿ, ಸುಮಾರು ಮೂರು ಲಕ್ಷ ಟ್ಯಾಬ್ಲೆಟ್ಟುಗಳನ್ನು ಹಂಚಿದರು. ಸ್ವಂತ ಮನೆಯಿಲ್ಲದೆ ಆಶ್ರಯಗೃಹಗಳಲ್ಲಿಯೂ ಬಂಧುಗಳ ಮನೆಯ ಮೂಲೆಯಲ್ಲಿಯೂ ಇರತಕ್ಕ ವಿದ್ಯಾರ್ಥಿಗಳು ಆ ಪಟ್ಟಣದಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚಾಗಿದ್ದರು. ಯಂತ್ರ ಬಂದರೂ ಅಂತರ್ಜಾಲದ ಸಂಪರ್ಕವೇ ಇಲ್ಲದ ಆಶ್ರಯಗೃಹದಲ್ಲಿ ಅದು ಅಜಾಗಳಸ್ತನದಂತೆ ನಿಷ್ಪ್ರಯೋಜನವಾಯಿತು.

ದೊಡ್ಡ ಪಟ್ಟಣಗಳಲ್ಲಿ ಬಹುತೇಕವು ಆ ಶರತ್ಕಾಲದಲ್ಲಿ ಪಾಠಶಾಲೆಗಳನ್ನು ತೆರೆಯುವ ಯೋಚನೆಯನ್ನೇ ಬಿಟ್ಟಿರಲಾಗಿ, ನ್ಯೂಯಾರ್ಕು ಮಾತ್ರ ತೆರೆಯುವೆವೆಂದು ಹೊರಟಿತು. ಈ ಸಾಹಸವನ್ನು ಮೆಚ್ಚಲೇಬೇಕು. ಸೆಪ್ಟೆಂಬರು 10ಕ್ಕೆ ಎಂದರು. ಉಪಾಧ್ಯಾಯರ ಸಂಘವು ಮುಷ್ಕರದ ಮಾತೆತ್ತಿತು, 21ಕ್ಕೆ ಎಂದರು. ಉಪಾಧ್ಯಾಯರು ಸಾಲದೆ ಬಂದರು. ಶಿಶುತರಗತಿಗಳಿಗೆ 21, ಕೆಳಗಿನ ತರಗತಿಗಳಿಗೆ 29, ಮೇಲಿನವುಗಳಿಗೆ ಅಕ್ಟೋಬರು 1 ಎಂದರು. ಪ್ರತಿಸಲವೂ ತಾಯಿಯೊಬ್ಬಳು ತನ್ನ ಯಜಮಾನರಲ್ಲಿ ಹೋಗಿ ರಜವನ್ನು ಮತ್ತೆ ಬೇಡಬೇಕಾಯಿತು. ತೆರೆದ ಮೇಲೂ ಆರು ಅಡಿಯ, ನಮ್ಮ ಹಳೆಯ ಲೆಕ್ಕದಲ್ಲಿ ನಾಲ್ಕು ಮೊಳದ, ಅಂತರವನ್ನಿಟ್ಟು ಕೂರಿಸಬೇಕೆಂದುದರಿಂದ ಕೋಣೆಯಲ್ಲಿ ಮೂರನೆಯ ಒಂದು ಪಾಲಿನ ಮಕ್ಕಳಿಗೆ ಮಾತ್ರ ಸ್ಥಳವಾಯಿತು. ಆದಕಾರಣ ಮಗುವು ವಾರದಲ್ಲಿ ಒಂದೆರಡು ದಿನ, ಹೆಚ್ಚೆಂದರೆ ಮೂರು ದಿನ, ಪಾಠಶಾಲೆಗೆ ಹೋಗುವುದು; ಮಿಕ್ಕ ದಿನ ಮನೆಯಲ್ಲಿರುವುದು. ಯಾವ ದಿನವೆಂಬುದು ಒಂದು ವಾರವಿದ್ದಂತೆ ಮತ್ತೊಂದು ವಾರವಿರದು.

ಇನ್ನು ಆ ಪ್ರಸಿದ್ಧವಾದ ‘ನೂರಕ್ಕೆ ಮೂರು’ ಎಂಬ ಸೂತ್ರ. ಪರೀಕ್ಷೆ ಮಾಡಿಸಿಕೊಂಡ ನೂರು ಜನರಲ್ಲಿ ಏಳು ದಿನಗಳ ಸರಾಸರಿಯಂತೆ ಮೂವರಿಗೆ ರೋಗ ಕಂಡುಬಂದರೆ ಪಟ್ಟಣದ ಪಾಠಶಾಲೆಗಳೆಲ್ಲವನ್ನೂ ಮುಚ್ಚುವುದೆಂದು ಬೇಸಗೆಯಲ್ಲಿಯೇ ಘೋಷಿಸಿದ್ದರು. ಆಗ ರೋಗವು ನೂರಕ್ಕೆ ಒಂದರ ಸುಮಾರಿನಲ್ಲಿದ್ದಿತು. ಮೂರೆಂಬುದು ದೂರದ ಮಾತಾಗಿ ಕಂಡಿತು. ಹೆದರಿದ್ದ ಉಪಾಧ್ಯಾಯರಿಗೂ ತಂದೆತಾಯಿಗಳಿಗೂ ಧೈರ್ಯ ಹೇಳಲು ಅದು ಒಳ್ಳೆಯ ಮಾತಾಗಿಯೂ ಇದ್ದಿತು. ಸೂತ್ರಕ್ಕೆ ವೃತ್ತಿಯಿರಬೇಕು, ಈ ಸೂತ್ರಕ್ಕೆ ವೃತ್ತಿಯಿರಲಿಲ್ಲ. ಊರಿನ ಪರೀಕ್ಷೆಗಳಲ್ಲಿ ಮೂರಾದರೆ ಪಾಠಶಾಲೆಯಲ್ಲಿ ಏನಾಗುವುದು, ಮುಚ್ಚಿದರೆ ಮತ್ತೆ ಎಂದು ತೆರೆಯುವುದು, ಯಾವುದನ್ನು ಮೊದಲು ಮುಚ್ಚುವುದು ಎಂಬ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿರಲಿಲ್ಲ. ಅಲ್ಲದೆ ಲೆಕ್ಕದಲ್ಲಿಯೂ ಭೇದವಿದ್ದಿತು. ಪಟ್ಟಣದವರು ಪರೀಕ್ಷೆಗೆ ಮಾದರಿಯನ್ನು ತೆಗೆದ ದಿನವನ್ನು ಹಿಡಿದು ಎಣಿಸಿದರು. ರಾಜ್ಯದವರು ಫಲಿತಾಂಶ ಬಂದ ದಿನವನ್ನು ಹಿಡಿದು ಎಣಿಸಿದರು. ಹೀಗೆ ಒಂದೇ ಊರಿನಲ್ಲಿ ಒಂದೇ ದಿನ ಎರಡು ಸಂಖ್ಯೆಗಳು ಹುಟ್ಟಿ, ಮೇಯರೂ ಗವರ್ನರ್ ಆಂಡ್ರೂ ಕ್ಯುವೊಮೊ ಅವರೂ ಒಬ್ಬರನ್ನೊಬ್ಬರು ಒಪ್ಪದಾದರು. ಹೋಟಲು, ವ್ಯಾಯಾಮಶಾಲೆಗಳು ರಾಜ್ಯದ ಅಧಿಕಾರಕ್ಕೆ ಸೇರಿದುವು, ಪಾಠಶಾಲೆಗಳು ಪಟ್ಟಣಕ್ಕೆ. ಮೊದಲು ಹೇಳಿದ ವಿಪರ್ಯಾಸದ ಗುಟ್ಟು ಇದೇ.

ಪಾಠಶಾಲೆಗಳ ಒಳಗೆ ನಡೆಸಿದ ಪರೀಕ್ಷೆಗಳಲ್ಲಿಯಾದರೋ ರೋಗವು ಕಂಡುಬಂದದ್ದು ಸಾವಿರಕ್ಕೆ ಎರಡರಷ್ಟು. ಎಂದರೆ ಊರಿಗಿಂತ ಪಾಠಶಾಲೆಯೇ ಕ್ಷೇಮವೆಂದು ಪಟ್ಟಣದ ಲೆಕ್ಕವೇ ಹೇಳುತ್ತಿದ್ದಿತು. 1918ರಲ್ಲಿ ಕೋಪ್‌ಲೆಂಡರು ಊಹೆಯಿಂದ ಹೇಳಿದುದಕ್ಕೆ ಈಗ ಪರೀಕ್ಷೆಯ ಪ್ರಮಾಣವೂ ದೊರೆತಿದ್ದಿತು. ಆದರೂ ಘೋಷಿಸಿದ ಮಾತನ್ನು ಮುರಿದರೆ ಉಪಾಧ್ಯಾಯರ ನಂಬಿಕೆ ಹೋಗುವುದು, ಮುರಿಯದಿದ್ದರೆ ತಂದೆತಾಯಿಗಳದು ಹೋಗುವುದು ಎಂಬ ಉಭಯಸಂಕಟದಲ್ಲಿ ಮೇಯರು ಸಿಕ್ಕಿದರು. ಇನ್ನೂ ಒಂದು ಕಹಿಯಿದ್ದಿತು. ಮಕ್ಕಳನ್ನು ಕಳುಹಿಸುವಿರೋ ಇಲ್ಲವೋ ಎಂಬುದನ್ನು ವರ್ಷಕ್ಕೆಲ್ಲಾ ಸೇರಿಸಿ ಒಂದೇ ಸಲ ತಿಳಿಸಬೇಕೆಂದು ನವೆಂಬರು 15ರ ವರೆಗೆ ಗಡುವು ಕೊಟ್ಟಿದ್ದರು. ಬಹಳ ಹಿಂದುಮುಂದು ನೋಡಿ ‘ಕಳುಹಿಸುತ್ತೇವೆ’ ಎಂದು ಬರೆದುಕೊಟ್ಟ ಸುಮಾರು 35,000 ಮಕ್ಕಳ ತಂದೆತಾಯಿಗಳು, ಮೂರು ದಿನಗಳಲ್ಲಿಯೇ ಬಾಗಿಲು ಮುಚ್ಚಿದುದನ್ನು ಕಂಡರು.

ನವೆಂಬರು 29ರಂದು ಮೇಯರು ನೂರಕ್ಕೆ ಮೂರೆಂಬ ಸೂತ್ರವನ್ನೇ ಕೈಬಿಟ್ಟು, ಕೆಳಗಿನ ತರಗತಿಗಳನ್ನು ಡಿಸೆಂಬರು 7ರಿಂದ ತೆರೆಯುವೆವೆಂದರು. ಆ ದಿನ ರೋಗದ ಪ್ರಮಾಣವು ಮೂರಕ್ಕಿಂತ ಮೇಲೆಯೇ ಇದ್ದಿತು! ಮುಚ್ಚಲು ಕಾರಣವಾದ ಸಂಖ್ಯೆ ಮೀರಿರುವಾಗಲೇ ತೆರೆದುದರಿಂದ, ತೆರೆಯಬೇಕೆಂದವರಿಗೆ ಸಂತೋಷವಾದರೂ ಹತ್ತು ದಿನಗಳ ಹಿಂದೆ ಮುಚ್ಚಿದುದೇಕೆಂಬ ಪ್ರಶ್ನೆ ಉಳಿಯಿತು. ಹೆದರಿದ್ದವರಿಗಾದರೋ ತಮ್ಮನ್ನು ಕಾಯುವೆನೆಂದ ಬೇಲಿಯನ್ನು ಕಿತ್ತುಹಾಕಿದಂತಾಯಿತು. ದೊಡ್ಡ ಮಕ್ಕಳ ಪಾಠಶಾಲೆಗಳು ತೆರೆದುದು ಮುಂದಿನ ವರ್ಷದ ಫೆಬ್ರವರಿ ಮಾರ್ಚಿಗಳಲ್ಲಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ‘ತಂದೆತಾಯಿಗಳ ಅಸಮಾಧಾನ’ ಎಂದು ಒಂದೇ ಹೆಸರಿನಿಂದ ಕರೆದರೂ ಅದು ಒಂದೇ ಆಗಿರಲಿಲ್ಲ. ಪುರಭವನದ ಮುಂದೆ ನಿಂತು ತೆರೆಯಿರೆಂದವರ ಕೂಗು ಪತ್ರಿಕೆಗಳಲ್ಲಿ ಬಂದಿತು. ಆದರೆ ಪಟ್ಟಣದ ಮಕ್ಕಳಲ್ಲಿ ಹೆಚ್ಚಿನ ಪಾಲು ಮನೆಯಲ್ಲಿಯೇ ಉಳಿದರು. ಒಮ್ಮೆಯಾದರೂ ಪಾಠಶಾಲೆಗೆ ಬಂದವರು ಆ ನವೆಂಬರಿನ ಹೊತ್ತಿಗೆ ಮೂರು ಲಕ್ಷದ ಒಳಗೆ. ಬಂದವರಲ್ಲಿ ಬಿಳಿಯರ ಮಕ್ಕಳು ತಮ್ಮ ಸಂಖ್ಯೆಗೆ ಮೀರಿ ಇದ್ದರು. ಏಷ್ಯಾಖಂಡದಿಂದ ಬಂದು ನೆಲೆಸಿದವರ ಮಕ್ಕಳು ಸಂಖ್ಯೆಗೆ ತಕ್ಕಷ್ಟು ಬರಲಿಲ್ಲ. ಕರಿಯ ಜನಾಂಗದ ತಂದೆತಾಯಿಗಳಲ್ಲಿಯೂ ಬಹುಮಂದಿ ಕಳುಹಿಸಲಿಲ್ಲ. ವಸಂತದಲ್ಲಿ ಮನೆಯ ಹಿರಿಯರನ್ನು ಕಳೆದುಕೊಂಡ ಬೀದಿಗಳು ಅವರವೇ. ಅಜ್ಜಿಯೂ ಮೊಮ್ಮಗುವೂ ಒಂದೇ ಕೋಣೆಯಲ್ಲಿ ಮಲಗುವ ಮನೆಯಲ್ಲಿ ಮಗುವಿಗೆ ರೋಗದ ಭಯ ಕಡಮೆಯೆಂಬ ಮಾತು ಸಮಾಧಾನವನ್ನು ಕೊಡಲಾರದು. ಬಹುಕಾಲದಿಂದ ಸಾಬೂನಿಲ್ಲದ, ಕಿಟಕಿ ಮುರಿದ ಪಾಠಶಾಲೆಗಳನ್ನು ನೋಡುತ್ತ ಬಂದವರು, ಈಗ ಎಲ್ಲವೂ ಶುಚಿಯಾಗಿದೆಯೆಂದರೆ ನಂಬುವುದು ಹೇಗೆ? ಒಬ್ಬರಿಗೆ ನಿಯಮಗಳು ಅತಿಯಾದುವು, ಇನ್ನೊಬ್ಬರಿಗೆ ಸಾಲದೆ ಹೋದುವು. ಅಧಿಕಾರಿಗಳ ಮಾತು ನಿಲ್ಲುವುದಿಲ್ಲವೆಂಬ ದೂರು ಮಾತ್ರ ಇಬ್ಬರದೂ ಆಗಿದ್ದಿತು.

ಮುಂದಿನ ಚಳಿಗಾಲದಲ್ಲಿ ತಂದೆತಾಯಿಗಳನ್ನು ಹೆಚ್ಚಾಗಿ ಕಾಡಿದುದು ‘ಎರಡು ಪ್ರಕರಣ’ಗಳ ನಿಯಮ. ಒಂದು ಪಾಠಶಾಲೆಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕಡೆ ರೋಗ ಕಂಡರೆ ಇಡೀ ಪಾಠಶಾಲೆಯನ್ನು ಹತ್ತು ದಿನ ಮುಚ್ಚುವುದು. ನೂರೈವತ್ತು ಮಕ್ಕಳ ಶಾಲೆಗೂ ಸಾವಿರದೈನೂರು ಮಕ್ಕಳ ಶಾಲೆಗೂ ಅದೇ ಎರಡು. ದೊಡ್ಡ ಶಾಲೆಯಲ್ಲಿ ಎರಡು ಕಾಣುವುದು ಸುಲಭ. ವಾರವಾರವೂ ಪರೀಕ್ಷೆ ಮಾಡಿದಷ್ಟೂ ಇನ್ನೂ ಸುಲಭ. ರಾತ್ರಿ ಮಕ್ಕಳನ್ನು ಮಲಗಿಸುವ ಹೊತ್ತಿಗೆ ದೂರವಾಣಿ ಮೊಳಗುವುದು, ನಾಳೆ ಶಾಲೆಯಿಲ್ಲವೆಂದು ಯಂತ್ರದ ಧ್ವನಿ ಹೇಳುವುದು. ತೆರೆದ ಪಾಠಶಾಲೆಯ ಮೇಲೂ ಹೀಗೆ ನಂಬಿಕೆಯಿಡಲಾಗದೆ ಗೃಹಿಣಿಯರು ಅನೇಕರು ಕೆಲಸವನ್ನೇ ಬಿಟ್ಟರು.

ನಿಮಿತ್ತವು ಹೋದರೆ ಅದರಿಂದ ಬಂದ ಕಾರ್ಯವೂ ಹೋಗತಕ್ಕದ್ದೆಂದು ವೈಯಾಕರಣರು ಹೇಳುವರು. ಸರ್ಕಾರದ ನಿಯಮಗಳಿಗೆ ಈ ಪರಿಭಾಷೆ ತಡವಾಗಿ ಹತ್ತುವುದು. 2021ನೆಯ ಜನವರಿ 11ರಿಂದ ಉಪಾಧ್ಯಾಯರಿಗೆ ಲಸಿಕೆ ದೊರೆಯತೊಡಗಿತು. ಮಾರ್ಚಿ 19ರಂದು ಅಮೆರಿಕದ ರೋಗನಿಯಂತ್ರಣ ಕೇಂದ್ರವು ತರಗತಿಯಲ್ಲಿ ಆರು ಅಡಿಗೆ ಬದಲಾಗಿ ಮೂರು ಅಡಿ ಸಾಕೆಂದಿತು. ಎರಡು ಪ್ರಕರಣಗಳ ನಿಯಮವಾದರೋ ಏಪ್ರಿಲಿನ ವರೆಗೂ ಇದ್ದು, ಆಮೇಲೆ ಬೇರೆ ಬೇರೆ ತರಗತಿಗಳಲ್ಲಿ ನಾಲ್ಕು ಅಥವಾ ಅದಕ್ಕೂ ಹೆಚ್ಚು ಎಂದು ಮಾರ್ಪಟ್ಟಿತು. ಉಪಾಧ್ಯಾಯರ ಸಂಘವು ಈ ಸಡಿಲಿಕೆಗೆ ಹಿಂಜರಿದುದನ್ನು ಕೇವಲ ಹಟವೆನ್ನುವುದು ನ್ಯಾಯವಲ್ಲ. ಹಿಂದಿನ ವಸಂತದಲ್ಲಿ ಜೊತೆಯವರ ಸಾವನ್ನು ಕಂಡವರು ಅವರು.

2021ನೆಯ ಸೆಪ್ಟೆಂಬರು 13ರಂದು ಪಾಠಶಾಲೆಗಳು ಪೂರ್ತಿಯಾಗಿ ತೆರೆದುವು. ಈ ಸಲ ಮನೆಯಲ್ಲಿ ಕುಳಿತು ಕಲಿಯುವ ಅವಕಾಶವನ್ನೇ ತೆಗೆದುಹಾಕಿದರು. ಆಗ ಅಸಮಾಧಾನವು ಎರಡನೆಯ ಪಕ್ಷಕ್ಕೆ ತಿರುಗಿತು. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಲಸಿಕೆಯಿನ್ನೂ ಬಂದಿರಲಿಲ್ಲವಾಗಿ ಹಲವರು ಮಕ್ಕಳನ್ನು ಕಳುಹಿಸದೆ ಮನೆಯಲ್ಲಿಯೇ ಇಟ್ಟುಕೊಂಡರು. 2022ನೆಯ ಜನವರಿಯಲ್ಲಿ ರೋಗದ ಹೊಸದೊಂದು ರೂಪವು ಹಬ್ಬಿದಾಗ ಹೊಸ ಮೇಯರ್ ಎರಿಕ್ ಆಡಮ್ಸರು ಪಾಠಶಾಲೆ ಮುಚ್ಚುವುದಿಲ್ಲವೆಂದರು. ರಜದ ನಂತರದ ಮೊದಲನೆಯ ದಿನ ಬಂದವರು ಮೂರರಲ್ಲಿ ಎರಡು ಪಾಲು. ಬಾಗಿಲು ತೆರೆದಿದ್ದರೂ ಮೂರನೆಯ ಪಾಲು ಬೆಂಚುಗಳು ಬರಿದಾಗಿದ್ದುವು.

ಕೊನೆಯ ಜಗಳವು ಮಾಸ್ಕಿನದು. 2022ನೆಯ ಮಾರ್ಚಿ 7ರಿಂದ ಪಾಠಶಾಲೆಯ ಮಕ್ಕಳು ಮಾಸ್ಕು ಹಾಕಬೇಕಾದುದಿಲ್ಲವೆಂದಾಯಿತು. ಆದರೆ ಎರಡರಿಂದ ನಾಲ್ಕು ವರ್ಷದ ಶಿಶುಗಳಿಗೆ ಮಾತ್ರ ಅದು ತಪ್ಪಲಿಲ್ಲ. ಅವರಿಗೆ ಲಸಿಕೆಯಿಲ್ಲವೆಂಬುದು ಕಾರಣ. ಹದಿನೇಳು ವರ್ಷದ ಅಣ್ಣ ಬರಿಮುಖದಲ್ಲಿ ಹೋಗುವನು, ಮಾತು ಕಲಿಯುತ್ತಿರುವ ಮೂರು ವರ್ಷದ ತಂಗಿ ಬಾಯಿ ಮುಚ್ಚಿಕೊಂಡು ಹೋಗುವಳು. ಶಿಶುಗಳ ತಂದೆತಾಯಿಗಳು ಮತ್ತೆ ಪುರಭವನದ ಮುಂದೆ ನೆರೆದರು. ಏಪ್ರಿಲು 4ಕ್ಕೆ ತೆಗೆಯುವೆವೆಂದ ಮೇಯರು ರೋಗವು ಏರುತ್ತಿದೆಯೆಂದು ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ನ್ಯಾಯಾಧೀಶರೊಬ್ಬರು ನಿಯಮವನ್ನು ರದ್ದುಮಾಡಿದರೆ ಮೇಲಿನ ನ್ಯಾಯಸ್ಥಾನವು ಆ ತೀರ್ಪನ್ನು ತಡೆಯಿತು. ಕಟ್ಟಕಡೆಗೆ ಜೂನ್ 13ರಂದು ಶಿಶುಗಳ ಮಾಸ್ಕು ಐಚ್ಛಿಕವಾಯಿತು. ಅವರ ಲಸಿಕೆಗೆ ದೇಶದ ಔಷಧ ಇಲಾಖೆಯ ಅನುಮತಿ ದೊರೆತದ್ದು ಅದಾದ ನಾಲ್ಕು ದಿನಗಳ ಮೇಲೆ.